ಸೌದೆಯ ಲೆಕ್ಕ ಇಟ್ಟ ಬಾಣಸಿಗ: ಅಲೆಕ್ಸಿಸ್ ಸೋಯರ್

ಆಲೂಗಡ್ಡೆಗೆ ಬರುವ ಅಂಗಮಾರಿ ರೋಗದ ಬಗ್ಗೆ ನಮ್ಮ ಕಡೆಯವರಿಗೆ ಹೊಸದಾಗಿ ಹೇಳಬೇಕಾದ್ದೇನಿಲ್ಲ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದಿಂದ ಕಾಲೇಜಿಗೆ ಬರೋರಲ್ಲಿ ಎಷ್ಟೋ ಜನರ ಮನೆಯ ಹೊಲದಲ್ಲಿ ಒಂದಲ್ಲ ಒಂದು ವರ್ಷ ಅದು ಹೊಕ್ಕು ಹೋಗಿದೆ. ಮೇ ತಿಂಗಳಲ್ಲಿ ಜಲಂಧರದಿಂದ ಲಾರಿಗಟ್ಟಲೆ ಬಿತ್ತನೆ ಗಡ್ಡೆ ಬರುತ್ತೆ, ಬಿತ್ತನೆ ಆಗುತ್ತೆ, ಗಿಡ ಚೆನ್ನಾಗೇ ಏಳುತ್ತೆ. ಆಮೇಲೆ ನಾಲ್ಕು ದಿನ ಬಿಡದೆ ಜಿಟಿಜಿಟಿ ಮಳೆ ಹಿಡಿದು ಮೋಡ ಮುಚ್ಚಿಕೊಂಡರೆ ಎಲೆ ಮೇಲೆ ಕಂದು ಚುಕ್ಕೆ ಕಾಣಿಸಿಕೊಳ್ಳುತ್ತೆ. ವಾರ ಕಳೆಯೋದರಲ್ಲಿ ಇಡೀ ಹೊಲ ಸುಟ್ಟಂತೆ ಕರ್ರಗೆ. ಈ ಕಾಟಕ್ಕೆ ಬೇಸತ್ತು ಆಲೂಗಡ್ಡೆ ಬಿಟ್ಟು ಮುಸುಕಿನ ಜೋಳಕ್ಕೆ ತಿರುಗಿದವರು ನಮ್ಮಲ್ಲಿ ಸಾಕಷ್ಟು ಜನ ಇದ್ದಾರೆ.

ಇದೇ ರೋಗ 1845ರಲ್ಲಿ ಐರ್ಲೆಂಡಿಗೆ ಬಂತು. ಅಲ್ಲಿನ ಬಡವರಿಗೆ ತಿರುಗಿಕೊಳ್ಳಲು ಇನ್ನೊಂದು ಬೆಳೆ ಇರಲಿಲ್ಲ. ನಮ್ಮ ರೈತನಿಗೆ ಆಲೂಗಡ್ಡೆ ಹೋದರೆ ದುಡ್ಡು ಹೋಗುತ್ತೆ, ಮನೆಯಲ್ಲಿ ರಾಗಿ ಇರುತ್ತೆ. ಅವರಿಗೆ ಆಲೂಗಡ್ಡೆಯೇ ರಾಗಿ, ಆಲೂಗಡ್ಡೆಯೇ ಅಕ್ಕಿ. ದುಡಿಯುವ ಗಂಡಾಳು ದಿನಕ್ಕೆ ನಾಲ್ಕೈದು ಕಿಲೋ ಆಲೂಗಡ್ಡೆ ತಿಂದು ಬದುಕುತ್ತಿದ್ದ ನಾಡು ಅದು. ಮುಂದಿನ ಐದಾರು ವರ್ಷದಲ್ಲಿ ಹಸಿವಿನಿಂದ, ಹಸಿವಿನ ಹಿಂದೆ ಬಂದ ಜ್ವರಗಳಿಂದ ಸುಮಾರು 10 ಲಕ್ಷ ಜನ ಸತ್ತರು. ಹೆಚ್ಚುಕಡಿಮೆ ಅಷ್ಟೇ ಜನ ಹಡಗು ಹತ್ತಿ ದೇಶ ಬಿಟ್ಟರು.

ಈ ಬರಗಾಲದ ನಡುವೆ, 1847ರಲ್ಲಿ, ಡಬ್ಲಿನ್ ಊರಿಗೆ ಒಬ್ಬ ಫ್ರೆಂಚ್ ಅಡುಗೆಯವನು ದೊಡ್ಡ ಕೊಪ್ಪರಿಗೆಯೊಂದನ್ನು ಹೊತ್ತು ತಂದ. ಅವನ ಹೆಸರು ಅಲೆಕ್ಸಿಸ್ ಸೋಯರ್. ಅಡುಗೆ ಪುಸ್ತಕ ಬರೆದವನು, ಅಡುಗೆ ಕಲಿಸಿದವನು, ಶ್ರೀಮಂತರ ಊಟಕ್ಕೆ ಹೆಸರಾದವನು. ನಮ್ಮ ಮ್ಯಾಗಜಿನ್‌ಗೆ ಅಡುಗೆಯವನ ಕಥೆ ಯಾಕಪ್ಪಾ ಅನ್ನಬೇಡಿ. ಮೆಕ್ಯಾನಿಕಲ್‌ನವರು, ಸಿವಿಲ್‌ನವರು ಇಬ್ಬರೂ ನಮ್ಮವನು ಅಂತ ಜಗಳ ಆಡಬಹುದಾದ ಮನುಷ್ಯ ಇವನು. ಒಲೆಯನ್ನು ಯಂತ್ರ ಅಂತ ನೋಡಿದವನು.

ಹುಟ್ಟಿದ್ದು 1810ರ ಫೆಬ್ರವರಿ 4ರಂದು, ಪ್ಯಾರಿಸ್ ಹತ್ತಿರದ ಮೋ ಅನ್ನೋ ಊರಿನಲ್ಲಿ. ಬ್ರೀ ಚೀಸ್‌ಗೆ ಹೆಸರಾದ ಸೀಮೆ ಅದು. ಅಪ್ಪ ಒಂದು ಕೆಲಸದಲ್ಲಿ ನಿಂತವನಲ್ಲ, ಒಂದು ಕಾಲಕ್ಕೆ ದಿನಸಿ ಅಂಗಡಿ ಇಟ್ಟಿದ್ದ. ಮನೆಯಲ್ಲಿ ಬಡತನ. ಹುಡುಗನನ್ನು ಚರ್ಚಿನ ಶಾಲೆಗೆ ಸೇರಿಸಿದರು, ದನಿ ಚೆನ್ನಾಗಿತ್ತು, ಹಾಡುತ್ತಿದ್ದ. ಆದರೆ ಒಂದು ರಾತ್ರಿ ಎಲ್ಲರೂ ಮಲಗಿದ ಮೇಲೆ ಚರ್ಚಿನ ಗಂಟೆ ಬಾರಿಸಿ ಊರನ್ನೇ ಎಬ್ಬಿಸಿದ, ಶಾಲೆಯಿಂದ ಹೊರಗೆ ಹಾಕಿದರು ಅನ್ನೋದು ಅವನ ಬಗ್ಗೆ ಹೇಳುತ್ತಾ ಬಂದ ಕಥೆ. ನಿಜವೋ ಸುಳ್ಳೋ, ಅವನ ಮುಂದಿನ ಜೀವನ ನೋಡಿದರೆ ಮಾಡಿದ್ದರೂ ಮಾಡಿರಬಹುದು ಅನ್ಸತ್ತೆ.

1821ರಲ್ಲಿ, ಹನ್ನೊಂದು ವರ್ಷಕ್ಕೇ, ಪ್ಯಾರಿಸ್‌ನಲ್ಲಿ ಅಡುಗೆ ಕೆಲಸದಲ್ಲಿದ್ದ ಅಣ್ಣ ಫಿಲಿಪ್‌ನ ಹತ್ತಿರ ಹೋದ. ಒಂದು ರೆಸ್ಟೋರೆಂಟಿನಲ್ಲಿ ಪಾತ್ರೆ ತೊಳೆಯೋದರಿಂದ ಹಿಡಿದು ಕೆಲಸ ಕಲಿತ. ಹದಿನೇಳು ತುಂಬೋದರೊಳಗೆ ಇನ್ನೊಂದು ಹೆಸರುವಾಸಿ ಹೋಟೆಲಿನಲ್ಲಿ ಅವನ ಕೈಕೆಳಗೆ ಹನ್ನೆರಡು ಜನ ಅಡುಗೆಯವರು. 1830ರ ಹೊತ್ತಿಗೆ ಫ್ರಾನ್ಸಿನ ಮಂತ್ರಿ ಪೊಲಿನ್ಯಾಕ್‌ನ ಅಡುಗೆಮನೆಯಲ್ಲಿ ಎರಡನೇ ಬಾಣಸಿಗ. ಆ ಜುಲೈನಲ್ಲೇ ಪ್ಯಾರಿಸ್‌ನಲ್ಲಿ ಕ್ರಾಂತಿ ಆಯ್ತು. ಔತಣದ ತಯಾರಿ ನಡೆದಿದ್ದ ಅಡುಗೆಮನೆಗೇ ಬಂದೂಕು ಹಿಡಿದ ಗುಂಪು ನುಗ್ಗಿತು. ಜೊತೆಯ ಇಬ್ಬರು ಗುಂಡಿಗೆ ಬಲಿಯಾದರು. ಸೋಯರ್ ಕ್ರಾಂತಿಯವರ ಹಾಡನ್ನೇ ಗಟ್ಟಿಯಾಗಿ ಹಾಡತೊಡಗಿದ. ಗುಂಪು ಅವನನ್ನು ಹೆಗಲ ಮೇಲೆ ಹೊತ್ತುಕೊಂಡು ಹೋಯಿತಂತೆ. ಚರ್ಚಿನಲ್ಲಿ ಕಲಿತ ಹಾಡುಗಾರಿಕೆ ಜೀವ ಉಳಿಸಿತು.

ಯಜಮಾನ ಜೈಲಿಗೆ ಹೋದ ಮೇಲೆ ಕೆಲಸ ಎಲ್ಲಿ? ಅಷ್ಟೊತ್ತಿಗೆ ಅಣ್ಣ ಲಂಡನ್ ಸೇರಿ ಕೇಂಬ್ರಿಜ್ ಡ್ಯೂಕನ ಮನೆಯಲ್ಲಿ ಅಡುಗೆಗಿದ್ದ. 1831ರಲ್ಲಿ ಸೋಯರ್ ಕೂಡ ಅಲ್ಲಿಗೆ ಹೋದ. ಮುಂದಿನ ಆರು ವರ್ಷ ಇಂಗ್ಲೆಂಡಿನ ದೊಡ್ಡ ಮನೆಗಳಲ್ಲಿ ಒಂದಾದ ಮೇಲೊಂದು ಕೆಲಸ. ಇಂಗ್ಲಿಷು ನೆಟ್ಟಗೆ ಬರೆಯೋಕೆ ಅವನಿಗೆ ಕೊನೆವರೆಗೂ ಬರಲಿಲ್ಲ. ಪುಸ್ತಕಗಳನ್ನೆಲ್ಲ ಬಾಯಲ್ಲಿ ಹೇಳಿ ಕಾರ್ಯದರ್ಶಿಗಳ ಕೈಲಿ ಬರೆಸಿದ. ಇಂಗ್ಲಿಷ್ ಬರಲ್ಲ ಅಂತ ಸೆಮಿನಾರ್ ತಪ್ಪಿಸಿಕೊಳ್ಳುವ ಗೆಳೆಯರು ಈ ಸಾಲನ್ನು ಎರಡು ಸಲ ಓದಿಕೊಳ್ಳಿ.

1837ರಲ್ಲಿ ಎರಡು ಸಂಗತಿ ನಡೆದವು. ಎಮ್ಮಾ ಜೋನ್ಸ್ ಅನ್ನುವ ಚಿತ್ರಕಲಾವಿದೆಯನ್ನು ಮದುವೆಯಾದ. ಲಂಡನ್ನಿನ ರಿಫಾರ್ಮ್ ಕ್ಲಬ್ಬಿನ ಮುಖ್ಯ ಬಾಣಸಿಗನಾದ. ಆ ಕ್ಲಬ್ಬು ಸುಧಾರಣಾವಾದಿ ರಾಜಕಾರಣಿಗಳ ಅಡ್ಡ. ಮರುವರ್ಷ ವಿಕ್ಟೋರಿಯಾ ರಾಣಿಯ ಪಟ್ಟಾಭಿಷೇಕದ ದಿನ ಅವನು 2000 ಜನಕ್ಕೆ ಬೆಳಗಿನ ಊಟ ಬಡಿಸಿದ. ಆ ಹೊತ್ತಿಗೆ ಕ್ಲಬ್ಬಿಗೆ ಚಾರ್ಲ್ಸ್ ಬ್ಯಾರಿ ಅನ್ನೋ ವಾಸ್ತುಶಿಲ್ಪಿ ಹೊಸ ಕಟ್ಟಡ ಕಟ್ಟುತ್ತಿದ್ದ. ಈಗ ನಾವು ಫೋಟೋಗಳಲ್ಲಿ ನೋಡುವ ಬ್ರಿಟಿಷ್ ಪಾರ್ಲಿಮೆಂಟ್ ಕಟ್ಟಡದ ಬ್ಯಾರಿಯೇ ಇವನು. ಸೋಯರ್ ಅವನ ಜೊತೆ ಕೂತು ಅಡುಗೆಮನೆಯ ನಕ್ಷೆ ಮಾಡಿಸಿದ.

1841ರಲ್ಲಿ ತೆರೆದ ಆ ಅಡುಗೆಮನೆಯ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಅಲ್ಲಿವರೆಗೆ ದೊಡ್ಡ ಅಡುಗೆಮನೆ ಅಂದರೆ ನೆಲಮಾಳಿಗೆಯ ಕತ್ತಲೆ, ಕಲ್ಲಿದ್ದಲ ಹೊಗೆ, ಬೆಳಗಿನಿಂದ ರಾತ್ರಿವರೆಗೆ ಉರಿಯುವ ಬೆಂಕಿ. ಒಂದು ಲೋಟ ಹಾಲು ಕಾಯಿಸಬೇಕೆಂದರೂ ಅದೇ ದೊಡ್ಡ ಬೆಂಕಿಯ ಮುಂದೆ ಬೇಯಬೇಕು. ಸೋಯರ್ ಅಲ್ಲಿಗೆ ಗ್ಯಾಸ್ ತಂದ. ಬೀದಿ ದೀಪಕ್ಕೆ ಬಳಸುತ್ತಿದ್ದ ಗ್ಯಾಸಿನಲ್ಲಿ ಅಡುಗೆ ಮಾಡೋದು ಆಗ ಬಹಳ ಜನಕ್ಕೆ ಹುಚ್ಚುತನದಂತೆ ಕಾಣುತ್ತಿತ್ತು. ಅವನ ತರ್ಕ ಸರಳ. ಬೇಕಾದಾಗ ಹಚ್ಚು, ಬೇಕಾದಷ್ಟು ಏರಿಸು, ಕೆಲಸ ಮುಗಿದ ಕೂಡಲೇ ಆರಿಸು. ಇನ್ನೊಂದು ಕಡೆ ಆವಿ ಯಂತ್ರ. ಅದರ ಬಲದಿಂದ ಮಾಂಸ ಸುಡುವ ಸರಳುಗಳು ತಿರುಗುತ್ತಿದ್ದವು, ಅಡುಗೆ ಮೇಲಿನ ಊಟದ ಮನೆಗೆ ಏರುತ್ತಿತ್ತು. ಆವಿ ಹಾಯಿಸಿ ಬೆಚ್ಚಗೆ ಇಟ್ಟ ಬೀರುಗಳು, ಮಂಜುಗಡ್ಡೆ ತುಂಬಿದ ತಣ್ಣನೆಯ ಖಾನೆಗಳು, ಮೀನು ಇಡಲು ತಣ್ಣೀರು ಹರಿಯುತ್ತಲೇ ಇರುವ ಕಲ್ಲಿನ ಹಲಗೆಗಳು. ನಡುವೆ ಹನ್ನೆರಡು ಮೂಲೆಯ ಒಂದು ಮೇಜು, ಸುತ್ತ ನಿಂತ ಪ್ರತಿಯೊಬ್ಬನಿಗೂ ಬೇಕಾದ್ದು ಕೈಗೆಟುಕುವ ಹಾಗೆ.

ಎರಡು ಹೆಜ್ಜೆ ಉಳಿಸಿದರೆ ದಿನಕ್ಕೆ ಎಷ್ಟು ಉಳಿಯಿತು, ಯಾವ ಬೆಂಕಿಯ ಶಾಖ ಎಲ್ಲಿ ವ್ಯರ್ಥ ಆಗ್ತಿದೆ ಅನ್ನೋದೇ ಅವನ ಯೋಚನೆ. ನಮ್ಮ ಅಜ್ಜಿಯರ ಮಣ್ಣಿನ ಒಲೆಗೆ ಕೋಡೊಲೆ ಇರುತ್ತಿತ್ತಲ್ಲ, ಮುಂದಿನ ಒಲೆಯಲ್ಲಿ ಮುದ್ದೆಗೆ ಎಸರು ಕಾಯುವಾಗ ಹಿಂದಿನ ಕೋಡೊಲೆಯಲ್ಲಿ ಸಾರು ತನ್ನಷ್ಟಕ್ಕೆ ಬೇಯುತ್ತಿತ್ತಲ್ಲ, ಅದೇ ಬುದ್ಧಿ, ಇಲ್ಲಿ ಕಬ್ಬಿಣದಲ್ಲಿ ಮತ್ತು ದೊಡ್ಡದಾಗಿ.

ಆ ಅಡುಗೆಮನೆ ನೋಡಲು ಜನ ಸಾಲುಗಟ್ಟಿದರು. ಸೋಯರ್ ತಾನೇ ಮುಂದೆ ನಿಂತು ತೋರಿಸುತ್ತಿದ್ದ. ಅದರ ಅಡ್ಡಕೊಯ್ತದ ಚಿತ್ರ ಅಚ್ಚಾಗಿ ಮಾರಾಟವಾಯಿತು. ನಾವು ಇಂಜಿನಿಯರಿಂಗ್ ಡ್ರಾಯಿಂಗ್‌ನಲ್ಲಿ ಒದ್ದಾಡಿ ಬಿಡಿಸೋ ಸೆಕ್ಷನಲ್ ವ್ಯೂ ಇದೆಯಲ್ಲ, ಅಂಥದ್ದನ್ನು ಜನ ದುಡ್ಡು ಕೊಟ್ಟು ಕೊಂಡು ಗೋಡೆಗೆ ಹಾಕಿಕೊಂಡ ಕಾಲವೂ ಇತ್ತು ಅಂತಾಯ್ತು. ಅವನ ಹತ್ತಿರ ಕೆಲಸ ಕಲಿಯಲು ಹುಡುಗರು ಶುಲ್ಕ ಕೊಟ್ಟು ಬರುತ್ತಿದ್ದರು.

ಮನುಷ್ಯ ಶೋಕಿವಾಲ ಕೂಡ. ಅಂಗಿ, ಕೋಟು, ಟೋಪಿ ಎಲ್ಲವನ್ನೂ ಓರೆಯಾಗಿ ಕತ್ತರಿಸಿ ಹೊಲಿಸಿಕೊಳ್ಳುತ್ತಿದ್ದ. ನೇರ ಗೆರೆ ಅಂದರೆ ಆಗದು. ವಿಸಿಟಿಂಗ್ ಕಾರ್ಡು ಕೂಡ ಓರೆ. ಕಾದಂಬರಿಕಾರ ಥ್ಯಾಕರೆ ಅವನ ಸ್ನೇಹಿತ, ತನ್ನ ಒಂದು ಕಾದಂಬರಿಯ ಫ್ರೆಂಚ್ ಬಾಣಸಿಗನನ್ನು ಇವನನ್ನು ನೋಡಿಯೇ ಬರೆದ. ತನ್ನ ಹೆಸರು ಪತ್ರಿಕೆಯಲ್ಲಿ ಬರಲಿ ಅನ್ನೋ ಆಸೆ ಸೋಯರ್‌ಗೆ ಜಾಸ್ತಿಯೇ ಇತ್ತು. ಇದನ್ನ ಮುಚ್ಚಿಡೋದು ಬೇಡ, ಮುಂದೆ ಡಬ್ಲಿನ್ ವಿಷಯಕ್ಕೆ ಬಂದಾಗ ಇದು ಬೇಕಾಗುತ್ತೆ.

1842ರ ಆಗಸ್ಟ್ ಕೊನೆಯಲ್ಲಿ ಅವನು ಬ್ರಸೆಲ್ಸ್‌ಗೆ ಹೋಗಿದ್ದ. ಎಮ್ಮಾ ತುಂಬು ಬಸುರಿ, ಲಂಡನ್ನಿನಲ್ಲೇ ಉಳಿದಿದ್ದಳು. ಒಂದು ರಾತ್ರಿ ಭಾರೀ ಗುಡುಗು ಮಿಂಚು. ಹೆದರಿಕೆಯಿಂದ ದಿನ ತುಂಬುವ ಮುಂಚೆಯೇ ನೋವು ಕಾಣಿಸಿಕೊಂಡು, ತಾಯಿ ಮಗು ಇಬ್ಬರೂ ಹೋದರು. ಎಮ್ಮಾಗೆ ಇಪ್ಪತ್ತೊಂಬತ್ತು ವರ್ಷವೂ ತುಂಬಿರಲಿಲ್ಲ. ಪ್ಯಾರಿಸ್ ಮತ್ತು ಲಂಡನ್ನಿನ ದೊಡ್ಡ ಪ್ರದರ್ಶನಗಳಲ್ಲಿ ಆಕೆಯ ಚಿತ್ರಗಳು ತೂಗಿದ್ದವು. ಸೋಯರ್ ಕೆನ್ಸಲ್ ಗ್ರೀನ್ ಸ್ಮಶಾನದಲ್ಲಿ ಆಕೆಗೆ ದೊಡ್ಡ ಸ್ಮಾರಕ ಕಟ್ಟಿಸಿದ. ಮತ್ತೆ ಮದುವೆ ಆಗಲಿಲ್ಲ.

1846ರಲ್ಲಿ ಮೊದಲ ದೊಡ್ಡ ಪುಸ್ತಕ ಬಂತು, ಗ್ಯಾಸ್ಟ್ರನಾಮಿಕ್ ರಿಜನರೇಟರ್. ಸುಮಾರು 2000 ಅಡುಗೆಗಳು, ಜೊತೆಗೆ ಬೇರೆಬೇರೆ ಅಳತೆಯ ಮನೆಗಳಿಗೆ ಅಡುಗೆಮನೆಯ ನಕ್ಷೆಗಳು. ಬೆಲೆ ಒಂದು ಗಿನಿ, ಅಂದರೆ 21 ಶಿಲಿಂಗ್. ಕೂಲಿಯವನ ಒಂದು ವಾರದ ಸಂಬಳಕ್ಕಿಂತ ಹೆಚ್ಚು. ಈ ಬೆಲೆಯನ್ನು ನೆನಪಿಟ್ಟುಕೊಳ್ಳಿ.

ಅದೇ ಚಳಿಗಾಲ ಐರ್ಲೆಂಡಿನಿಂದ ಸಾವಿನ ಸುದ್ದಿ ಮೇಲೆ ಸುದ್ದಿ. ಲಂಡನ್ನಿನಲ್ಲೂ ಹಸಿದವರ ಸಾಲು. 1847ರ ಫೆಬ್ರವರಿಯಲ್ಲಿ ಸೋಯರ್ ಪತ್ರಿಕೆಗಳಿಗೆ ಕಾಗದ ಬರೆದು, ಅಗ್ಗದಲ್ಲಿ ಸಾವಿರಾರು ಜನಕ್ಕೆ ಸೂಪು ಮಾಡುವ ವಿಧಾನ ತನ್ನ ಹತ್ತಿರ ಇದೆ ಅಂದ. ಸರ್ಕಾರ ಅವನನ್ನು ಡಬ್ಲಿನ್‌ಗೆ ಕಳಿಸಿತು. ಕ್ಲಬ್ಬಿನಿಂದ ರಜೆ ತಗೊಂಡು ಹೋದ. ಸೈನ್ಯದ ಬ್ಯಾರಕ್ ಎದುರಿನ ಬಯಲಿನಲ್ಲಿ ಮರ ಮತ್ತು ಕ್ಯಾನ್ವಾಸಿನ ಒಂದು ದೊಡ್ಡ ಶೆಡ್ಡು ಎದ್ದಿತು. ನಡುವೆ 300 ಗ್ಯಾಲನ್‌ನ, ಅಂದರೆ ಸುಮಾರು 1360 ಲೀಟರಿನ ಕೊಪ್ಪರಿಗೆ. ಉದ್ದ ಮೇಜುಗಳಲ್ಲಿ ತೂತು ಕೊರೆದು ಬಟ್ಟಲು ಕೂರಿಸಿದ್ದರು, ಚಮಚಗಳಿಗೆ ಸರಪಳಿ. ಗಂಟೆ ಬಾರಿಸಿದರೆ ನೂರು ಜನ ಒಳಗೆ. ಆರು ನಿಮಿಷದಲ್ಲಿ ಊಟ ಮುಗಿಯಬೇಕು. ಹೊರಗೆ ಹೋಗುವ ಬಾಗಿಲಲ್ಲಿ ಒಂದು ತುಂಡು ರೊಟ್ಟಿ. ಬಟ್ಟಲು ಒರೆಸಿ ತುಂಬಿಸಿ ಮತ್ತೆ ಗಂಟೆ, ಮತ್ತೆ ನೂರು ಜನ. ದಿನಕ್ಕೆ ಎಂಟು ಸಾವಿರಕ್ಕೂ ಹೆಚ್ಚು ಮಂದಿಗೆ ಹೀಗೆ ಊಟ ಹೋಗುತ್ತಿತ್ತು.

ಅಸೆಂಬ್ಲಿ ಲೈನ್ ಅನ್ನುವ ಮಾತು ಹುಟ್ಟುವುದಕ್ಕೆ ಎಷ್ಟೋ ಮುಂಚೆ ಇದು ನಡೆಯಿತು. ನಮ್ಮಲ್ಲಿ ಜಾತ್ರೆಯ ಅನ್ನಸಂತರ್ಪಣೆಗೆ ಪಂಕ್ತಿ ಹಾಕುವವರಿಗೆ ಇದರ ಕಷ್ಟ ಗೊತ್ತು. ರಾಮನಾಥಪುರದಲ್ಲಾಗಲಿ ಶ್ರವಣಬೆಳಗೊಳದಲ್ಲಾಗಲಿ, ಅಡುಗೆ ಮಾಡೋದು ಅರ್ಧ ಕೆಲಸ. ಎದ್ದವರ ಜಾಗಕ್ಕೆ ಮುಂದಿನವರನ್ನು ತಳ್ಳಾಟ ಇಲ್ಲದೆ ಕೂರಿಸೋದು ಇನ್ನರ್ಧ. ಸೋಯರ್ ಆ ಇನ್ನರ್ಧವನ್ನು ಬಿಡಿಸಿದ.

ಆದರೆ ಸೂಪು? ಇಲ್ಲೇ ತಕರಾರು ಎದ್ದದ್ದು. ಅವನು ಪ್ರಕಟಿಸಿದ ಮೊದಲ ಸೂಪಿನ ಅಳತೆ ಹೀಗಿದೆ: ಎರಡು ಗ್ಯಾಲನ್ ನೀರಿಗೆ ಕಾಲು ಪೌಂಡ್ ಮಾಂಸ, ಎರಡು ಔನ್ಸ್ ಕೊಬ್ಬು, ಅರ್ಧ ಪೌಂಡ್ ಹಿಟ್ಟು, ಅರ್ಧ ಪೌಂಡ್ ಬಾರ್ಲಿ, ಎರಡು ಈರುಳ್ಳಿ, ಉಪ್ಪು, ಚೂರು ಸಕ್ಕರೆ, ತರಕಾರಿ ಸಿಪ್ಪೆ ಸೊಪ್ಪು. ನಮ್ಮ ಲೆಕ್ಕಕ್ಕೆ ತಂದರೆ ಒಂಬತ್ತು ಲೀಟರ್ ನೀರಿಗೆ ಸುಮಾರು 113 ಗ್ರಾಂ ಮಾಂಸ, 450 ಗ್ರಾಂ ಧಾನ್ಯ. ಕ್ಯಾಲ್ಕುಲೇಟರ್ ಹಿಡಿದು ಕೂತು ಲೆಕ್ಕ ಹಾಕಿದೆ. ಎಲ್ಲಾ ಸೇರಿ ಒಂದು ಲೀಟರಿಗೆ 250 ಕ್ಯಾಲರಿ ಆಸುಪಾಸು ಬರುತ್ತೆ. ಬಾಗಿಲಲ್ಲಿ ಕೊಟ್ಟ ರೊಟ್ಟಿ ಸೇರಿಸಿದರೂ ಒಬ್ಬ ಮನುಷ್ಯನ ದಿನದ ಅಗತ್ಯದ ಕಾಲುಭಾಗದ ಹತ್ತಿರ. ನಾಲ್ಕೈದು ಕಿಲೋ ಆಲೂಗಡ್ಡೆ ತಿನ್ನುತ್ತಿದ್ದ ದೇಹಕ್ಕೆ ಅದು ಯಾವ ಮೂಲೆಗೆ?

ಕ್ಯಾಲರಿ ಲೆಕ್ಕ ಆಗ ಇರಲಿಲ್ಲ, ಆದರೆ ವೈದ್ಯರಿಗೆ ಅನುಮಾನ ಬಂದಿತ್ತು. ಲ್ಯಾನ್ಸೆಟ್ ಪತ್ರಿಕೆ ಈ ಸೂಪನ್ನು ಆಡಿಕೊಂಡು ಬರೆಯಿತು. ರುಚಿ ಇದ್ದರೆ ಶಕ್ತಿ ಇದೆ ಅಂತ ಸೋಯರ್ ನಿಜವಾಗಿ ನಂಬಿದ್ದ. ಚೆನ್ನಾಗಿ ಬೇಯಿಸಿದ ಸ್ವಲ್ಪ, ಕೆಟ್ಟದಾಗಿ ಬೇಯಿಸಿದ ಜಾಸ್ತಿಗಿಂತ ಮೇಲು ಅನ್ನೋದು ಅವನ ಪಾಠ. ದೊಡ್ಡ ಮನೆಯ ಅಡುಗೆಯಲ್ಲಿ ಅದು ಸರಿ. ಬರಗಾಲದಲ್ಲಿ ಅಲ್ಲ. ಇದಕ್ಕಿಂತ ಕೆಟ್ಟದ್ದು, ಉದ್ಘಾಟನೆಯ ದಿನ ಡಬ್ಲಿನ್ನಿನ ದೊಡ್ಡ ಮನುಷ್ಯರು ದುಡ್ಡು ಕೊಟ್ಟು ಬಡವರು ಉಣ್ಣೋದನ್ನ ನಿಂತು ನೋಡಿದರು. ಆ ದುಡ್ಡೂ ಧರ್ಮಕ್ಕೇ ಹೋಯಿತು ಅನ್ನಿ. ಆದರೂ ಸರಪಳಿ ಕಟ್ಟಿದ ಚಮಚದಲ್ಲಿ ಉಣ್ಣುವವನನ್ನು ಮೃಗಾಲಯದ ಪ್ರಾಣಿ ಹಾಗೆ ನೋಡಿದ್ದನ್ನು ಅಲ್ಲಿನ ಜನ ಮರೆಯಲಿಲ್ಲ. ಇದರಲ್ಲಿ ಸೋಯರ್‌ನ ಪ್ರಚಾರದ ಆಸೆಗೂ ಪಾಲಿದೆ.

ನನಗೆ ಅನಿಸೋದು ಇಷ್ಟು. ಶೆಡ್ಡು ಚೆನ್ನಾಗಿತ್ತು, ಕೊಪ್ಪರಿಗೆ ಚೆನ್ನಾಗಿತ್ತು, ಅದರೊಳಗೆ ಹಾಕಲು ಸರ್ಕಾರ ಕೊಟ್ಟದ್ದು ಸಾಲದಾಗಿತ್ತು. ಅದೇ ಬೇಸಿಗೆಯಲ್ಲಿ ಸರ್ಕಾರದ ಸೂಪು ಯೋಜನೆ ಇಡೀ ಐರ್ಲೆಂಡಿನಲ್ಲಿ ದಿನಕ್ಕೆ 30 ಲಕ್ಷ ಜನರವರೆಗೆ ಮುಟ್ಟಿತು. ಹಾಗೆ ಮುಟ್ಟಬಹುದು ಅಂತ ಗೊತ್ತಾದ ಮೇಲೂ ಶರತ್ಕಾಲದ ಹೊತ್ತಿಗೆ ಅದನ್ನು ನಿಲ್ಲಿಸಿಬಿಟ್ಟರು. ಬರ ಮಾತ್ರ ನಿಲ್ಲಲಿಲ್ಲ.

ಸೋಯರ್‌ಗೆ ಡಬ್ಲಿನ್ ಒಂದು ತಿರುವು. ಅದೇ ವರ್ಷ ಬಡವರಿಗಾಗಿ ಒಂದು ಸಣ್ಣ ಪುಸ್ತಕ ತಂದ, ಬೆಲೆ ಆರು ಪೆನ್ಸ್. ಗಿನಿಯಿಂದ ಆರು ಪೆನ್ಸ್‌ಗೆ ಇಳಿದದ್ದು ನೋಡಿ, 42ರಲ್ಲಿ ಒಂದು ಪಾಲು. ಮಾರಾಟದ ಒಂದು ಭಾಗ ಬಡವರ ನಿಧಿಗೆ. 1849ರಲ್ಲಿ ಮಧ್ಯಮ ವರ್ಗದ ಗೃಹಿಣಿಯರಿಗಾಗಿ ಇನ್ನೊಂದು, ಇಬ್ಬರು ಗೆಳತಿಯರು ಒಬ್ಬರಿಗೊಬ್ಬರು ಬರೆದ ಕಾಗದಗಳ ರೂಪದಲ್ಲಿ. ಅದೇ ವರ್ಷ ಮೇಜಿನ ಮೇಲೇ ಇಟ್ಟು ಅಡುಗೆ ಮಾಡುವ, ಸ್ಪಿರಿಟ್ಟಿನಲ್ಲಿ ಉರಿಯುವ ಪುಟ್ಟ ಒಲೆ ಮಾರುಕಟ್ಟೆಗೆ ಬಿಟ್ಟ. 1850ರಲ್ಲಿ ಕ್ಲಬ್ಬಿನ ಕೆಲಸ ಬಿಟ್ಟ. 1851ರ ಲಂಡನ್ ಮಹಾಪ್ರದರ್ಶನದ ಎದುರಿಗೆ ದೊಡ್ಡ ಬಂಗಲೆ ಹಿಡಿದು ಎಲ್ಲಾ ದೇಶದ ಊಟ ಸಿಗುವ ಅದ್ದೂರಿ ಹೋಟೆಲು ತೆರೆದ, 7000 ಪೌಂಡ್ ಕಳೆದುಕೊಂಡ. ವ್ಯಾಪಾರ ಅವನ ಕೈಗೆ ಹತ್ತಿದ್ದಲ್ಲ. ಆ ಬಂಗಲೆ ಇದ್ದ ಜಾಗದಲ್ಲಿ ಈಗ ರಾಯಲ್ ಆಲ್ಬರ್ಟ್ ಹಾಲ್ ಇದೆ.

ಅದಾದ ಮೇಲೆ ಊರೂರು ತಿರುಗಿ ಕೂಲಿಕಾರರ ಮನೆ, ಆಸ್ಪತ್ರೆ, ಅನಾಥಾಲಯಗಳ ಅಡುಗೆ ನೋಡಿದ. ಒಂದೇ ಮಡಕೆ, ಒಂದೇ ಬಾಣಲೆ ಇರುವ ಮನೆಯಲ್ಲಿ ಏನೇನು ಮಾಡಬಹುದು ಅಂತ ಯೋಚಿಸಿ 1854ರಲ್ಲಿ ಒಂದು ಶಿಲಿಂಗಿನ ಅಡುಗೆ ಪುಸ್ತಕ ತಂದ. ಅದು ಲಕ್ಷಕ್ಕೂ ಮೀರಿ ಖರ್ಚಾಯಿತು.

ಅಷ್ಟರಲ್ಲಿ ಕ್ರಿಮಿಯಾ ಯುದ್ಧ. ಬ್ರಿಟನ್ ಮತ್ತು ಫ್ರಾನ್ಸ್ ತುರ್ಕಿಯ ಪರ ನಿಂತು ರಷ್ಯಾದ ಮೇಲೆ ಹೋಗಿದ್ದವು. ಗುಂಡು ತಗುಲಿ ಸತ್ತವರಿಗಿಂತ ಕಾಲರಾ, ಆಮಶಂಕೆ, ಚಳಿ, ಹಸಿವಿನಿಂದ ಸತ್ತ ಸೈನಿಕರು ಎಷ್ಟೋ ಪಾಲು ಹೆಚ್ಚು. 1855ರ ಫೆಬ್ರವರಿಯಲ್ಲಿ ಸೋಯರ್ ಟೈಮ್ಸ್ ಪತ್ರಿಕೆಗೆ ಬರೆದು, ಸರ್ಕಾರ ಒಪ್ಪಿದರೆ ಸ್ವಂತ ಖರ್ಚಿನಲ್ಲಿ ಹೋಗಿ ಸೈನ್ಯದ ಅಡುಗೆ ಸರಿ ಮಾಡ್ತೀನಿ ಅಂದ. ಮಾರ್ಚ್ ಹೊತ್ತಿಗೆ ಇಸ್ತಾಂಬುಲ್ ಎದುರಿನ ಸ್ಕುಟಾರಿ ಆಸ್ಪತ್ರೆಯಲ್ಲಿದ್ದ. ಫ್ಲಾರೆನ್ಸ್ ನೈಟಿಂಗೇಲ್ ಅಲ್ಲಿಗೆ ಬಂದು ಆಗಲೇ ನಾಲ್ಕೈದು ತಿಂಗಳಾಗಿತ್ತು.

ಅಲ್ಲಿನ ಅಡುಗೆಮನೆಯಲ್ಲಿ ಕಂಡದ್ದು ಹೀಗೆ. ಒಂದೊಂದು ವಾರ್ಡಿನವರು ತಮ್ಮ ಪಾಲಿನ ಮಾಂಸವನ್ನು ಮರದ ಕಡ್ಡಿಗೆ ಬಿಗಿಯಾಗಿ ಕಟ್ಟುವುದು, ಗುರುತಿಗೆ ಹಳೇ ಬಟ್ಟೆ, ಗುಂಡಿ, ಮೊಳೆ ಏನಾದರೂ ಸಿಕ್ಕಿಸಿ ಹಂಡೆಗೆ ಎಸೆಯುವುದು. ಬಿಗಿಯಾಗಿ ಕಟ್ಟಿದ್ದರಿಂದ ಹೊರಗೆ ಬೆಂದು ಒಳಗೆ ಹಸಿ. ಕೊನೆಗೆ ಮಾಂಸ ತೆಗೆದುಕೊಂಡು ಬೇಯಿಸಿದ ನೀರನ್ನು ಚರಂಡಿಗೆ ಚೆಲ್ಲುತ್ತಿದ್ದರು. ಬಸ್ಸಾರು ತಿಂದು ಬೆಳೆದ ನಮಗೆ ಇದನ್ನು ಕೇಳಿದರೆ ಹೊಟ್ಟೆ ಉರಿಯುತ್ತೆ. ಸೊಪ್ಪು ಕಾಳು ಬಸಿದ ಕಟ್ಟನ್ನು ಹಾಸನ ಸೀಮೆಯ ಯಾವ ಮನೆಯಲ್ಲಾದರೂ ಚೆಲ್ತಾರಾ? ಸೋಯರ್ ಮಾಡಿದ ಮೊದಲ ಕೆಲಸ ಅದೇ, ಆ ನೀರು ಉಳಿಸಿದ್ದು. ಕಟ್ಟು ಸಡಿಲಿಸಿದ, ಹಂಡೆಗಳಿಗೆ ಕಲಾಯಿ ಹಾಕಿಸಿದ, ಅದೇ ಮಾಂಸ ಅದೇ ತರಕಾರಿಯಿಂದ ರೋಗಿಗಳು ಕುಡಿಯಬಹುದಾದ ಸಾರು ಮಾಡಿ ತೋರಿಸಿದ. ಅಳತೆಗಳನ್ನು ಬರೆದು ಗೋಡೆಗೆ ಅಂಟಿಸಿದ. ಸೈನಿಕರನ್ನೇ ಆರಿಸಿ ಅಡುಗೆ ಕಲಿಸಿದ, ಯಾಕಂದರೆ ಬ್ರಿಟಿಷ್ ಸೈನ್ಯದಲ್ಲಿ ಆವರೆಗೆ ಅಡುಗೆ ಕಲಿತ ಸಿಪಾಯಿ ಅಂತ ಒಬ್ಬ ಇರಲಿಲ್ಲ. ಟೀ ಸೊಪ್ಪನ್ನು ಬಟ್ಟೆಗೆ ಕಟ್ಟಿ ಮಾಂಸ ಬೇಯಿಸಿದ ಹಂಡೆಯಲ್ಲೇ ಅದ್ದುತ್ತಿದ್ದರು, ಅದಕ್ಕೂ ಒಂದು ಸೋಸುವ ಕೆಟಲ್ ಮಾಡಿಸಿದ.

ಆದರೆ ಅವನ ನಿಜವಾದ ಆಸ್ತಿ ಒಂದು ಒಲೆ. ಲಂಡನ್ ಬಿಡುವ ಮುಂಚೆಯೇ ಮಾದರಿ ಮಾಡಿಸಿದ್ದ. ಒಂದು ಕಬ್ಬಿಣದ ತಗಡಿನ ಡ್ರಮ್ಮು. ಕೆಳಗೆ ಬೆಂಕಿಯ ಗೂಡು, ಅದಕ್ಕೆ ಬಾಗಿಲು. ಮೇಲೆ ಡ್ರಮ್ಮಿನೊಳಗೇ ಇಳಿದು ಕೂರುವ 12 ಗ್ಯಾಲನ್ ಅಂದರೆ ಸುಮಾರು 54 ಲೀಟರಿನ ಪಾತ್ರೆ, ಮುಚ್ಚಳ. ಪಕ್ಕಕ್ಕೆ ಹೊಗೆ ಕೊಳವೆ. ಇಷ್ಟೇ. ತೆರೆದ ಬೆಂಕಿಯಲ್ಲಿ ಶಾಖ ಮೂರು ದಿಕ್ಕಿಗೆ ಓಡಿ ಹೋಗುತ್ತಿತ್ತು, ಇಲ್ಲಿ ಪಾತ್ರೆಯ ಸುತ್ತ ತಬ್ಬಿಕೊಂಡು ಹೋಗಬೇಕು. ಸೌದೆ, ಕಲ್ಲಿದ್ದಲು, ಒಣ ಸಗಣಿ, ಏನು ಸಿಕ್ಕರೂ ಉರಿಯುತ್ತೆ. ಮಳೆ ಗಾಳಿಗೆ ಆರುವುದಿಲ್ಲ. ಬೆಂಕಿ ಒಳಗೇ ಇರೋದರಿಂದ ರಾತ್ರಿ ಶತ್ರುವಿಗೆ ಬೆಳಕು ಕಾಣೋದಿಲ್ಲ. ಒಂದು ಹೇಸರಗತ್ತೆಯ ಮೇಲೆ ಎರಡು ಹೊರಿಸಬಹುದು.

ಸೋಯರ್ ಹಾಕಿದ ಲೆಕ್ಕವೂ ಇದೆ. ಒಂದು ಒಲೆಗೆ ಐವತ್ತು ಜನ, ಸಾವಿರ ಜನಕ್ಕೆ 20 ಒಲೆ. ಒಂದಕ್ಕೆ ದಿನಕ್ಕೆ 15 ಪೌಂಡ್ ಸೌದೆ, ಒಟ್ಟು 300 ಪೌಂಡ್. ಹಳೆಯ ಪದ್ಧತಿಯಲ್ಲಿ ಒಬ್ಬೊಬ್ಬ ಸಿಪಾಯಿಗೆ ಮೂರೂವರೆ ಪೌಂಡಿನಂತೆ 3500 ಪೌಂಡ್. ಮರವೇ ಇಲ್ಲದ ಗುಡ್ಡದ ಮೇಲೆ, ಹಡಗಿನಲ್ಲಿ ಸೌದೆ ತರಿಸುತ್ತಿದ್ದ ಸೈನ್ಯಕ್ಕೆ ಈ ಅಂತರ ಅಂದರೆ ಬಿಸಿ ಊಟಕ್ಕೂ ಹಸಿ ಮಾಂಸಕ್ಕೂ ಇರುವ ಅಂತರ. ಇದೇ ಯುದ್ಧಕ್ಕೆಂದು ಬ್ರೂನೆಲ್ ಬಿಡಿಭಾಗಗಳಲ್ಲಿ ಸಾಗಿಸಿ ಜೋಡಿಸುವ ಆಸ್ಪತ್ರೆಯನ್ನು ವಿನ್ಯಾಸ ಮಾಡಿದ್ದು ನಮ್ಮ ಸಿವಿಲ್ ಗೆಳೆಯರಿಗೆ ಗೊತ್ತಿರಬಹುದು. ಈ ಒಲೆಯ ಹೆಸರನ್ನು ಮಾತ್ರ ಯಾವ ಮೇಷ್ಟ್ರೂ ಹೇಳಲ್ಲ. ಅದೇ ಪ್ರಶ್ನೆಯನ್ನು ನಮ್ಮ ಹಳ್ಳಿ ಅಡುಗೆಮನೆಗಾಗಿ ಎತ್ತಿಕೊಂಡದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಹುಟ್ಟಿದ ಅಸ್ತ್ರ ಕೇಂದ್ರ. ಅವರ ಅಸ್ತ್ರ ಒಲೆ ಕೆಲವರ ಅಜ್ಜಿ ಮನೆಯಲ್ಲಿ ಇದ್ದರೂ ಇರಬಹುದು, ನೋಡಿ.

1855ರ ಮೇ ತಿಂಗಳಲ್ಲಿ ನೈಟಿಂಗೇಲ್ ಜೊತೆ ಹಡಗಿನಲ್ಲಿ ಬಾಲಕ್ಲಾವಾಕ್ಕೆ ಹೋದ. ಆಕೆ ಅಲ್ಲಿ ಜ್ವರ ಬಿದ್ದು ಸಾವಿನ ಹತ್ತಿರ ಹೋಗಿ ಬಂದಳು. ಗಾಯಾಳುಗಳಿಗೆ ಊಟ ಔಷಧಿ ಕೊಡುತ್ತಾ ಅಲ್ಲೇ ಹೋಟೆಲು ನಡೆಸುತ್ತಿದ್ದ ಜಮೈಕಾದ ಮೇರಿ ಸೀಕೋಲ್ ಕೂಡ ಅವನಿಗೆ ಸ್ನೇಹಿತೆಯಾದಳು. ಆಗಸ್ಟ್ ಕೊನೆಗೆ ಸೆವಾಸ್ತೊಪೋಲ್ ಮುಂದಿನ ಶಿಬಿರದಲ್ಲಿ ಸೇನಾಪತಿಗಳ ಎದುರಿಗೆ ಒಲೆಗಳನ್ನು ಹಚ್ಚಿ ಸಿಪಾಯಿಗಳ ಮಾಮೂಲಿ ರೇಷನ್ನಿನಲ್ಲೇ ಅಡುಗೆ ಮಾಡಿ ಬಡಿಸಿದ. ಈ ಸಲ ಹಂಡೆಗೆ ಹಾಕಲು ಸಾಮಾನು ಇತ್ತು. ಡಬ್ಲಿನ್ನಿಗೂ ಇದಕ್ಕೂ ಇರುವ ವ್ಯತ್ಯಾಸ ಅಷ್ಟೇ. ಕಲಿತ ಸಿಪಾಯಿಗಳನ್ನು ಒಂದೊಂದು ತುಕಡಿಗೆ ಕಳಿಸುತ್ತಾ ಹೋದ. ಕೊನೆಗೆ ಅವನಿಗೂ ಕ್ರಿಮಿಯಾ ಜ್ವರ, ಆಮಶಂಕೆ. ಬದುಕಿದ, ಆದರೆ ಮೈ ಮತ್ತೆ ಮೊದಲಿನಂತಾಗಲಿಲ್ಲ.

1857ರಲ್ಲಿ ಲಂಡನ್ನಿಗೆ ವಾಪಸ್. ಯುದ್ಧದ ಅನುಭವ ಬರೆಸಿದ, ಕೊನೆಯಲ್ಲಿ ಸೈನ್ಯದ ಅಡುಗೆಯ ಅಳತೆಗಳು, 50 ಜನಕ್ಕೆ ಇಷ್ಟು, 100 ಜನಕ್ಕೆ ಇಷ್ಟು ಅಂತ. 1858ರ ಮಾರ್ಚಿನಲ್ಲಿ ಸೇನಾಧಿಕಾರಿಗಳಿಗೆ ಉಪನ್ಯಾಸ ಕೊಟ್ಟ. ಡಾಕ್ಟರು ಕೆಲಸ ನಿಲ್ಲಿಸು ಅಂದರೂ ನಿಲ್ಲಿಸಲಿಲ್ಲ. ಲಂಡನ್ನಿನ ವೆಲಿಂಗ್ಟನ್ ಬ್ಯಾರಕ್ಸ್‌ನಲ್ಲಿ ಅವನು ಮಾಡಿದ ಮಾದರಿ ಅಡುಗೆಮನೆ ಆ ಜುಲೈ ಕೊನೆಗೆ ಶುರುವಾಯಿತು. ಆಗಸ್ಟ್ 5ರಂದು ತೀರಿಕೊಂಡ. ವಯಸ್ಸು 48.

ನೈಟಿಂಗೇಲ್ ಅವನ ಸಾವನ್ನು ದೊಡ್ಡ ನಷ್ಟ ಅಂತ ಬರೆದುಕೊಂಡಳು. ಸರ್ಕಾರದ ಕಡೆಯಿಂದ ಗೌರವ ಅಂತ ಏನೂ ಬರಲಿಲ್ಲ. ಸಾಲ ಇತ್ತು. ಸಾಲ ಕೊಟ್ಟಿದ್ದವನು ಬಂದು ಕಾಗದ ಪತ್ರ, ಟಿಪ್ಪಣಿ ಪುಸ್ತಕಗಳನ್ನೂ ಸೇರಿಸಿ ಮನೆಯ ಸಾಮಾನೆಲ್ಲ ಹೊತ್ತೊಯ್ದ. ಎಮ್ಮಾಳ ಸಮಾಧಿಯಲ್ಲೇ ಅವನನ್ನೂ ಇಟ್ಟರು. ಅವನ ಹೇಳಿಕೆ ಬರೆದುಕೊಳ್ಳುತ್ತಿದ್ದ ಇಬ್ಬರು ಹಳೇ ಕಾರ್ಯದರ್ಶಿಗಳು ಮರುವರ್ಷ, 1859ರಲ್ಲಿ, ಅವನ ಜೀವನಚರಿತ್ರೆ ಬರೆದು ಪ್ರಕಟಿಸಿದರು. ಒಲೆ ಮಾತ್ರ ಸೈನ್ಯದಲ್ಲಿ ಉಳಿಯಿತು. ಎರಡು ಮಹಾಯುದ್ಧಗಳಲ್ಲಿ ಅದರ ಮೇಲೆ ಅಡುಗೆಯಾಯಿತು. ಎರಡನೇ ಮಹಾಯುದ್ಧದಲ್ಲಿ ಬಾಂಬು ಬಿದ್ದು ಗ್ಯಾಸ್ ಕಡಿತವಾದ ಊರುಗಳಲ್ಲಿ ಬೀದಿಯಲ್ಲಿಟ್ಟು ಟೀ ಕಾಯಿಸಿದರು. ಇಪ್ಪತ್ತನೇ ಶತಮಾನದ ಕೊನೆಯ ಭಾಗದವರೆಗೂ ಬ್ರಿಟಿಷ್ ಸೈನ್ಯದ ಉಗ್ರಾಣದಲ್ಲಿ ಅದೇ ಡ್ರಮ್ಮು, ಅದೇ ಮುಚ್ಚಳ, ಅದೇ ಹೊಗೆ ಕೊಳವೆ ಇತ್ತು. ಸಿಪಾಯಿಗಳು ಅದನ್ನು ಸೋಯರ್ ಅಂತಲೇ ಕರೆಯುತ್ತಿದ್ದರು.